ಒಂದಾಣೆಯ ಡ್ರ್ಯಾಗನ್

ಪುಣೆಯ ಧನಕವಡಿಯಲ್ಲಿ ಕುಪ್ಪಸ ಹೊಲಿಯುವುದರಲ್ಲಿ ಬಸವಣ್ಣೆವ್ವ ಹೆಸರು ಮಾಡಿದವಳು. ಕಾತ್ರಜ ಕಡೆಯ ಹೆಂಗಸರೂ ಅವಳ ಮನೆ ಹುಡುಕಿಕೊಂಡು ಬರುತ್ತಿದ್ದರು. ಎರಡೇ ಕೋಣೆಯ ಮನೆ. ಹೊರಕೋಣೆಯ ಕಿಟಕಿಗೆ ಒತ್ತಿ ಹೊಲಿಗೆ ಮಷೀನು, ಅದರ ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಹಲಗೆ, ಅದರಾಚೆ ಮಗ ಮಾಂತು ಯಾರಿಂದಲೋ ಕೊಂಡು ತಂದಿಟ್ಟ ಹಳೆಯ ಕಂಪ್ಯೂಟರ್. ಮಾಂತು ಭೋಸರಿಯ ಒಂದು ಕಾರ್ಖಾನೆಯಲ್ಲಿ ಫಿಟರ್. ಗಂಡ ಬೆಲ್ಲದ ಅಡತಿಯಲ್ಲಿ ಗುಮಾಸ್ತ. ಇಬ್ಬರೂ ಮುಂಜಾನೆ ಹೊರಟರೆ ದೀಪ ಹಚ್ಚುವ ಹೊತ್ತಿಗೇ ಮನೆ ಕಾಣುವವರು. ಹಗಲಲ್ಲಿ ಬಸವಣ್ಣೆವ್ವನಿಗೆ ಜೊತೆಯೆಂದರೆ ತಮ್ಮನ ಮಗಳು ನೀರಜಾ. ತಮ್ಮ ಶಿವರುದ್ರಪ್ಪ ಇಂದಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಮಗಳು ಪುಣೆಯಲ್ಲಿ ಬಿ.ಕಾಂ. ಓದಲಿ ಎಂದು ಅಕ್ಕನ ಮನೆಯಲ್ಲಿ ಬಿಟ್ಟಿದ್ದ.

ಆ ಮನೆಗೆ ಡ್ರ್ಯಾಗನ್‌ಗಳನ್ನು ತಂದವಳು ಈ ನೀರಜಾ. 2007ರ ಮಳೆಗಾಲ. ಇಂಟರ್‌ನೆಟ್ಟಿನಲ್ಲಿ ಅವಳಿಗೊಂದು ಆಟ ಸಿಕ್ಕಿತ್ತು. ಅದರಲ್ಲಿ ಹೊಡೆದಾಟವಿಲ್ಲ, ಓಟವಿಲ್ಲ. ಮೊಟ್ಟೆ ಆರಿಸಿಕೊಳ್ಳಬೇಕು, ದಿನವೂ ಅದನ್ನು ನೋಡಿ ಹೋಗಬೇಕು, ಮರಿ ಒಡೆದು ಬಂದರೆ ಬೆಳೆಸಬೇಕು, ಬೆಳೆದವಕ್ಕೆ ಜೋಡಿ ಮಾಡಿ ಮತ್ತೆ ಮೊಟ್ಟೆ ಪಡೆಯಬೇಕು, ಅಷ್ಟೇ. ಡ್ರ್ಯಾಗನ್ ಎಂದರೆ ಬೆಂಕಿ ಉಗುಳುವ ಪ್ರಾಣಿ ಎಂದು ನೀರಜಾ ಚಿತ್ರ ತೋರಿಸಿದಾಗ ಬಸವಣ್ಣೆವ್ವ ಮಷೀನಿನ ಮೇಲಿಂದ ಕತ್ತು ಚಾಚಿ ನೋಡಿ, "ಓತಿಕ್ಯಾತಕ್ಕ ರೆಕ್ಕಿ ಹಚ್ಚ್ಯಾರ, ಬಿಡು" ಎಂದು ಮತ್ತೆ ಗುಂಡಿಗೆ ಕಾಜಾ ಮಾಡಲು ಕೂತಳು.

ಆದರೆ ಪರೀಕ್ಷೆ ಬಂತು. ನೀರಜಾ ಅತ್ತೆಯ ಗಲ್ಲ ಹಿಡಿದು ಬೇಡಿಕೊಂಡಳು. "ಅತ್ತೀ, ನಾ ಓದಬೇಕು. ಮೊಟ್ಟಿ ನೀ ನೋಡ್ಕೋ. ಯಾರೂ ನೋಡ್ಲಿಲ್ಲಂದ್ರ ಸತ್ತು ಹೋಗ್ತಾವ."

ಸಾಯುತ್ತವೆ ಎಂದ ಮೇಲೆ ಅವನ್ನು ಹಾಗೇ ಬಿಟ್ಟುಬಿಡುವುದು ಬಸವಣ್ಣೆವ್ವನಿಂದ ಆಗಲಿಲ್ಲ. ಮೌಸು ಹಿಡಿಯುವುದನ್ನು ಕಲಿತಳು. ಹೊಲಿಗೆಯ ನಡುನಡುವೆ ಎದ್ದು ಒಂದೊಂದು ಮೊಟ್ಟೆಯ ಮೇಲೂ ಒತ್ತಿ ಬರುತ್ತಿದ್ದಳು. ಗುರುವಾರ ಕರೆಂಟು ತೆಗೆಯುತ್ತಿದ್ದರು. ಅವತ್ತು ಅವಳ ಜೀವಕ್ಕೆ ನೆಮ್ಮದಿಯೇ ಇರುತ್ತಿರಲಿಲ್ಲ. ಹೊಸ್ತಿಲ ಮೇಲೆ ನಿಂತ ಗಿರಾಕಿ "ಮಾವಶಿ, ಬ್ಲೌಜ್ ಝಾಲಾ ಕಾ?" ಎಂದು ಮರಾಠಿಯಲ್ಲಿ ಕುಪ್ಪಸ ಕೇಳಿದರೆ, ತನ್ನ ಮೊಟ್ಟೆಯನ್ನೇ ಕೇಳುತ್ತಿದ್ದಾಳೋ ಎಂಬಂತೆ "ಲೈಟ್ ನಾಹೀ ನಾ, ಬಾಯಿ" ಎಂದು ಕರೆಂಟಿಲ್ಲದ್ದಕ್ಕೆ ನಿಟ್ಟುಸಿರು ಬಿಡುತ್ತಿದ್ದಳು.

ಮರಿಗಳು ಬಂದವು, ಬೆಳೆದವು. ಪರೀಕ್ಷೆ ಮುಗಿದ ಮೇಲೂ ಬಸವಣ್ಣೆವ್ವ ಕುರ್ಚಿ ಬಿಟ್ಟುಕೊಡಲಿಲ್ಲ. ಅಷ್ಟರಲ್ಲಿ ಒಂದು ವಿಚಿತ್ರ ನಡೆಯಿತು. ಹಸಿರು ಗಂಡಿಗೂ ಹಸಿರು ಹೆಣ್ಣಿಗೂ ಬೆಳ್ಳಿ ಬಣ್ಣದ ಮರಿ ಹುಟ್ಟಿತು.

"ತಾಯಿ ಹಸರ, ತಂದಿ ಹಸರ. ಈ ಬೆಳ್ಳಿ ಎಲ್ಲಿಂದ ಬಂತ?"

ನೀರಜಾ ಆಟದ ಸಹಾಯದ ಪುಟ ತೆಗೆದು ಇಂಗ್ಲಿಷಿನಲ್ಲಿದ್ದುದನ್ನು ಓದಿ ಓದಿ ಹೇಳಿದಳು. ಪ್ರತಿ ಡ್ರ್ಯಾಗನ್ನಿನೊಳಗೆ ಬಣ್ಣಕ್ಕೆ ಎರಡು ಎಳೆ ಇರುತ್ತವೆ. ಒಂದು ತಾಯಿ ಕೊಟ್ಟದ್ದು, ಒಂದು ತಂದೆ ಕೊಟ್ಟದ್ದು. ಎರಡರಲ್ಲಿ ಒಂದು ಹಸಿರಾಗಿದ್ದರೂ ಸಾಕು, ಮೈ ಹಸಿರು ಕಾಣುತ್ತದೆ. ಬೆಳ್ಳಿ ಕಾಣಬೇಕಾದರೆ ಎರಡೂ ಎಳೆ ಬೆಳ್ಳಿಯೇ ಆಗಿರಬೇಕು.

ಬಸವಣ್ಣೆವ್ವ ಕಣ್ಣರಳಿಸಿದಳು. "ಅಂದ್ರ ಅಸ್ತರ ಇದ್ದಂಗ. ಮ್ಯಾಲ ಹಸರ ಅರಬಿ, ಒಳಗ ಬೆಳ್ಳಿ ಅಸ್ತರ. ಹೊರಗ ನಿಂತವರಿಗೆ ಕಾಣಂಗಿಲ್ಲ, ಆದ್ರ ಅದ."

ಅಲ್ಲಿಂದ ಮುಂದೆ ಇಬ್ಬರಿಗೂ ಅದೇ ಹುಚ್ಚು. ಆಟದಲ್ಲಿ ಎಲ್ಲರೂ ಆಸೆಪಡುತ್ತಿದ್ದದ್ದು ಬೆಳ್ಳಿ ಮೈಯ, ಸುರುಳಿ ಕೋಡಿನ ಡ್ರ್ಯಾಗನ್ನಿಗೆ. ಸುರುಳಿ ಕೋಡೂ ಬೆಳ್ಳಿಯಂತೆಯೇ ಅಡಗಿ ಬರುವ ಗುಣ. ನೆಟ್ಟಗಿನ ಕೋಡು ಅದನ್ನು ಮುಚ್ಚಿಬಿಡುತ್ತದೆ. ಎರಡನ್ನೂ ಒಳಗೆ ಇಟ್ಟುಕೊಂಡ ಹಸಿರು ಜೋಡಿಯಿಂದ ಅಂಥ ಮರಿ ಬರುವ ಸಂಭವ ಎಷ್ಟು ಎಂಬುದು ಪ್ರಶ್ನೆ.

"ಬೆಳ್ಳಿ ನಾಕರಾಗ ಒಂದು, ಸುರುಳಿ ನಾಕರಾಗ ಒಂದು. ಎರಡೂ ಕೂಡಿದ್ರ ಎಂಟರಾಗ ಒಂದು" ಎಂದಳು ನೀರಜಾ.

ಬಸವಣ್ಣೆವ್ವನಿಗೆ ಅದು ಒಪ್ಪಿಗೆಯಾಗಲಿಲ್ಲ. ಗುರುತು ಹಾಕುವ ಸುಣ್ಣದ ಬಿಲ್ಲೆ ತೆಗೆದುಕೊಂಡು ಹಲಗೆಯ ಮೇಲೆ ಮನೆ ಬರೆದಳು. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು, ಚೌಕಾಬಾರದ ಹಾಸಿನಂತೆ. ತಾಯಿ ಕೊಡಬಹುದಾದ ನಾಲ್ಕು ಬಗೆ ಮೇಲೆ, ತಂದೆಯವು ಪಕ್ಕಕ್ಕೆ. ಒಂದೊಂದು ಮನೆಯನ್ನೂ ತುಂಬುತ್ತ ಬಂದರು. ಹದಿನಾರು ಮನೆಯಲ್ಲಿ ಬೆಳ್ಳಿಯೂ ಸುರುಳಿಯೂ ಕೂಡಿದ್ದು ಮೂಲೆಯ ಒಂದೇ ಮನೆಯಲ್ಲಿ.

"ರೂಪಾಯಿಗೆ ಒಂದಾಣೆ!" ಎಂದಳು ಬಸವಣ್ಣೆವ್ವ. ರೂಪಾಯಿಗೆ ಹದಿನಾರು ಆಣೆ ಇದ್ದ ಕಾಲದ ಅವಳ ತಾಯಿ ಸಾಯುವವರೆಗೂ ಎಲ್ಲವನ್ನೂ ಆಣೆಯಲ್ಲೇ ಹೇಳಿದವಳು. ಮಳೆ ಬರುವುದು ಎಂಟಾಣೆ, ಅಳಿಯ ಬರುವುದು ನಾಲ್ಕಾಣೆ.

ಮೊಟ್ಟೆ ಇಟ್ಟರು, ಒಡೆಸಿದರು. ಬರಲಿಲ್ಲ. ಹದಿನಾರು ದಾಟಿದ ಮೇಲೆ ಬಸವಣ್ಣೆವ್ವನಿಗೆ ಸಿಟ್ಟೇ ಬಂತು. ಇನ್ನು ಬರಲೇಬೇಕಲ್ಲ ಎಂಬುದು ಅವಳ ವಾದ. ಈ ಸಲ ನೀರಜಾ ಬಿಡಲಿಲ್ಲ. "ಹಂಗಲ್ಲತ್ತಿ. ಹಿಂದಿನ ಮೊಟ್ಟಿ ಏನಾತು ಅಂತ ಮುಂದಿನ ಮೊಟ್ಟಿಗೇನ ಗೊತ್ತಿರ್ತದ? ಒಂದೊಂದಕ್ಕೂ ಮತ್ತ ಅದ ಒಂದಾಣೆ."

ಬಸವಣ್ಣೆವ್ವ ಎರಡು ಕುಪ್ಪಸ ಹೊಲಿದು ಮುಗಿಸುವವರೆಗೆ ಅದನ್ನೇ ತಲೆಯಲ್ಲಿ ತಿರುವಿಹಾಕಿದಳು. ಒಂದಾಣೆಗೆ ಕಾಯುತ್ತ ಕೂಡುವುದಕ್ಕಿಂತ ಆಣೆಯನ್ನೇ ಹೆಚ್ಚಿಸಬೇಕು. ತಂದೆಯ ಕೋಡು ಸುರುಳಿಯಾಗಿದ್ದರೆ, ಮಗನ ಕೋಡು ನೆಟ್ಟಗಿದ್ದರೂ ಒಳಗೆ ಸುರುಳಿಯ ಎಳೆ ಇದ್ದೇ ಇರುತ್ತದೆ. ಅದರಲ್ಲಿ ಅನುಮಾನವಿಲ್ಲ. ಯಾಕೆಂದರೆ ತಂದೆಯ ಹತ್ತಿರ ಕೊಡಲು ಬೇರೆ ಎಳೆಯೇ ಇರಲಿಲ್ಲ. ಅಂಥ ಎರಡು ಬೆಳ್ಳಿ ಮರಿಗಳನ್ನು ಬೇರೆ ಬೇರೆ ಮನೆತನದಿಂದ ಹುಡುಕಿ ಜೋಡಿ ಮಾಡಿದರೆ ಮರಿಗಳೆಲ್ಲ ಬೆಳ್ಳಿಯೇ. ಸುರುಳಿಯೊಂದು ಬರಬೇಕು. ಅದು ನಾಲ್ಕಾಣೆ.

ಹಾಗೇ ಮಾಡಿದರು. ದೀಪಾವಳಿಯ ವಾರ ಮೊಟ್ಟೆ ಒಡೆದು ಬೆಳ್ಳಿ ಮೈಯ, ಟಗರಿನ ಕೋಡಿನ ಪುಟ್ಟ ಮರಿ ಬಂತು. ನೀರಜಾ ಕುಣಿದಳು. ಕಾರ್ಖಾನೆಯಿಂದ ಬಂದ ಮಾಂತು, "ಹೆತ್ತವರ್ಯಾರು, ಕುಣಿಯಾವರ್ಯಾರು" ಎಂದು ನಗುತ್ತಲೇ ಹೊರಗೆ ಹೋಗಿ ಪೇಢೆ ತಂದ. ಪಕ್ಕದ ಕಾಲೇಜಿನ ಹುಡುಗಿಯರು ಕುಪ್ಪಸದ ಅಳತೆ ಕೊಡಲು ಬಂದವರು ತಮ್ಮ ಡ್ರ್ಯಾಗನ್‌ಗಳಿಗೆ ಜೋಡಿ ಕೇಳಿಕೊಂಡು ಹೋಗತೊಡಗಿದರು.

ಮರುವರ್ಷದ ಬೇಸಿಗೆಯಲ್ಲಿ ಶಿವರುದ್ರಪ್ಪ ಬಂದ. ಬಗಲಲ್ಲಿ ಮಾವಿನ ಹಣ್ಣಿನ ಪೆಟ್ಟಿಗೆ, ಮುಖದಲ್ಲಿ ನಗು. ನೀರಜಾ ಗೆಳತಿಯ ಮನೆಗೆ ಹೋಗಿದ್ದಳು. ಚಹಾ ಮುಗಿಸಿದ ಅವನು ಕಾಲು ಮಡಚಿ ಕೂತು ಮಾತು ತೆಗೆದ.

"ಅಕ್ಕಾ, ನೀರಜಾಂದು ಓದು ಮುಗಿಲಾಕ ಬಂತು. ಮಾಂತೂಗೂ ನೌಕರಿ ಖಾಯಮ್ ಆತು. ಹೆಣ್ಣ ಕೇಳೂ ಹಕ್ಕ ನಿಂದು. ನೀ ಕೇಳ್ಲಿಲ್ಲ ಅಂತ ನಾನ ಬಂದೀನಿ."

ಅಕ್ಕನ ಮಗನಿಗೆ ತಮ್ಮನ ಮಗಳನ್ನು ತಂದುಕೊಳ್ಳುವುದು ಅವರ ಮನೆತನದಲ್ಲಿ ನಡೆದುಬಂದದ್ದೇ. ಬಸವಣ್ಣೆವ್ವನಿಗೂ ಆ ಆಸೆ ಇರಲಿಲ್ಲವೆಂದಲ್ಲ. ಆದರೆ ಆ ಮಾತು ಕಿವಿಗೆ ಬಿದ್ದಕೂಡಲೇ ಅವಳ ಮನಸ್ಸು ತನ್ನಷ್ಟಕ್ಕೆ ತಾನೇ ಲೆಕ್ಕಕ್ಕೆ ಇಳಿಯಿತು. ಅಕ್ಕ-ತಮ್ಮ ಇಬ್ಬರ ತಂದೆ ಜಟ್ಟೆಪ್ಪ ಚಡಚಣದ ನೇಕಾರ, ಹುಟ್ಟುಕಿವುಡ, ಮಾತೂ ಇರಲಿಲ್ಲ. ಆಟದ ನ್ಯಾಯದಲ್ಲಿ ನೋಡಿದರೆ ಅವನ ಎರಡೂ ಎಳೆ ಕಿವುಡಿನವೇ. ಅವನು ಮಕ್ಕಳಿಬ್ಬರಿಗೂ ಒಂದೊಂದು ಕೊಟ್ಟೇ ಇರಬೇಕು. ತನ್ನೊಳಗೆ ಅದು ಅಸ್ತರವಾಗಿ ಇದೆ, ತಮ್ಮನೊಳಗೂ ಇದೆ. ಮಾಂತುವಿಗೆ ಬಂದಿರುವುದು ಎಂಟಾಣೆ. ಅದರ ಜೊತೆ ನೀರಜಾಳಿಗೂ ಬಂದಿರುವುದು ನಾಲ್ಕಾಣೆ. ಇಬ್ಬರಲ್ಲೂ ಇದ್ದು ಕೂಸಿಗೆ ಎರಡೂ ಸೇರುವುದು ಆ ನಾಲ್ಕಾಣೆಯಲ್ಲಿ ಕಾಲುಭಾಗ. ಒಂದಾಣೆ.

ಅವಳು ಅದನ್ನು ಹಾಗೇ ಹೇಳಿಬಿಟ್ಟಳು. ಹೊರಗಿನ ಸಂಬಂಧವಾದರೆ ಇಷ್ಟು ಭಯವಿಲ್ಲ, ಒಳಗೊಳಗೇ ಕೊಟ್ಟರೆ ಹೀಗೆ ಎಂದೂ ಸೇರಿಸಿದಳು.

ಶಿವರುದ್ರಪ್ಪನ ನಗು ಆರಿತು. "ಭಯ? ಅಪ್ಪನಂಥಾ ಕೂಸು ಹುಟ್ಟೂದು ನಿನಗ ಭಯ ಆಗ್ಯದೇನು?"

"ಹಂಗಲ್ಲೋ ತಮ್ಮಾ, ಲೆಕ್ಕ…"

"ಹಾವರಾಣಿ ಮೊಟ್ಟಿ ಲೆಕ್ಕದಾಗ ನಮ್ಮಪ್ಪನ್ನ ತಂದು ಇಟ್ಟಿಯಲ್ಲಕ್ಕಾ. ಹಗಲೆಲ್ಲ ದುಡದು ನಮ್ಮನ್ನ ಮನಶಾರ್ನ ಮಾಡಿದವನ್ನ!" ಅವನು ಊಟಕ್ಕೂ ನಿಲ್ಲದೆ ಸ್ವಾರಗೇಟಿನ ಬಸ್‌ನಿಲ್ದಾಣದ ದಾರಿ ಹಿಡಿದ.

ಬಸವಣ್ಣೆವ್ವನಿಗೆ ಆ ವಾರ ಮಷೀನಿನ ದಾರ ಹತ್ತು ಸಲ ಹರಿಯಿತು. ಕಿವಿಯ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಗಿರಾಕಿಯೊಬ್ಬಳು ಕುಪ್ಪಸ ಒಯ್ಯಲು ಬಂದಾಗ ತನ್ನ ಲೆಕ್ಕ ಹೇಳಿ ಆಕೆಯನ್ನು ಕೇಳಿಯೇಬಿಟ್ಟಳು. ಕಿವುಡುತನಕ್ಕೆ ಕಾರಣ ಬಹಳ ಇರುತ್ತವೆ, ನಿಮ್ಮ ತಂದೆಯದು ಯಾವುದೆಂದು ಈಗ ಹೇಳಲು ಬರುವುದಿಲ್ಲ, ರಕ್ತದಲ್ಲಿ ಬಂದದ್ದೇ ಆಗಿದ್ದರೆ ನಿಮ್ಮ ಲೆಕ್ಕ ಹೆಚ್ಚುಕಡಿಮೆ ಸರಿ ಎಂದಳು ಆಕೆ. ಲೆಕ್ಕ ಸರಿ ಎಂದು ಕೇಳಿದರೂ ಬಸವಣ್ಣೆವ್ವನಿಗೆ ಸಮಾಧಾನವಾಗಲಿಲ್ಲ.

ಯಾಕೆಂದರೆ ತಮ್ಮ ಹೇಳಿದ್ದೂ ಸುಳ್ಳಲ್ಲ. ಅಪ್ಪನಷ್ಟು ನಗುವ ಮನುಷ್ಯನನ್ನು ಅವಳು ಮತ್ತೆ ಕಂಡಿರಲಿಲ್ಲ. ಮಗ್ಗದ ಸದ್ದನ್ನು ಅವನು ಅಂಗಾಲಿನಿಂದ ಕೇಳುತ್ತಿದ್ದ. ಲಾಳಿ ತಪ್ಪಿದರೆ ಎಲ್ಲರಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಅವರ ಮನೆಯಲ್ಲಿ ಅರ್ಧ ಮಾತು ಬಾಯಿಂದ, ಅರ್ಧ ಕೈಯಿಂದ. ಮಕ್ಕಳು ಜಗಳವಾಡುತ್ತಿದ್ದದ್ದೂ ಕೈಯಿಂದಲೇ. ಅಪ್ಪ ಬೆನ್ನು ತಿರುಗಿಸಿದರೆ ಮಾತ್ರ ಬಾಯಿ. ಬೆಳ್ಳಿ ಮರಿಯ ಒಂದಾಣೆಗಾಗಿ ತಿಂಗಳುಗಟ್ಟಲೆ ಕಾದವಳು ತಾನು. ಅಪ್ಪನಂಥ ಕೂಸಿನ ಒಂದಾಣೆಗೆ ಯಾಕೆ ಹಾಗೆ ಬೆದರಿದೆ ಎಂದು ತನ್ನನ್ನೇ ಕೇಳಿಕೊಂಡಳು. ಅಪ್ಪ ನಗುತ್ತಿದ್ದ, ನಿಜ. ಸಂತೆಯಲ್ಲಿ ಅವನಿಗೆ ಜನ ಮೋಸ ಮಾಡುತ್ತಿದ್ದದ್ದೂ ನಿಜ.

ಕೊನೆಗೆ ಅವಳಿಗೆ ಹೊಳೆದದ್ದು, ಇಷ್ಟೆಲ್ಲ ಲೆಕ್ಕದಲ್ಲಿ ಮಾಂತು, ನೀರಜಾ ಇಬ್ಬರನ್ನೂ ಯಾರೂ ಕೇಳಿಲ್ಲವೆಂದು. ಭಾನುವಾರ ಊಟಕ್ಕೆ ಬಡಿಸುತ್ತ ನಡೆದದ್ದನ್ನೆಲ್ಲ ಹೇಳಿ, "ಈಗ ನೀವ ಹೇಳ್ರಿ" ಎಂದಳು.

ಮಾಂತು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ನೀರಜಾ ಅವನನ್ನು ನೋಡಿದಳು, ಅವನು ಇವಳನ್ನು ನೋಡಿದ. ಇಬ್ಬರಿಗೂ ಒಮ್ಮೆಲೇ ನಗು ಒತ್ತರಿಸಿಕೊಂಡು ಬಂತು.

"ಅತ್ತೀ, ಅಜ್ಜನಂಥಾ ಕೂಸು ಹುಟ್ಟಿದ್ರ ನನಗ ಏನೂ ಅಂಜಿಕಿ ಇಲ್ಲ" ಎಂದಳು ನೀರಜಾ, ನಗು ತಡೆದುಕೊಂಡು. "ಅಂಜಿಕಿ ಇರೂದು ಇವನಂಥಾ ಗಂಡಂದು. ಕುರ್ಚಿ ಸಲುವಾಗಿ ದಿನಾ ಜಗಳ ಆಡತಾನ. ಇವಗ ನಾ ಹೆಂಗ 'ರೀ' ಅನ್ನಲಿ?"

"ಅವ್ವಾ, ಅಕಿ ನನಗ ತಂಗಿ ಇದ್ದಂಗ" ಎಂದ ಮಾಂತು. "ಬ್ಯಾಡ ಅಂದ್ರ ಮಾಮಾ ಬ್ಯಾಸರ ಮಾಡ್ಕೋತಾನ ಅಂತ ಬಾಯಿ ಮುಚ್ಚಿಕೊಂಡಿದ್ದೆ."

ಮೂಲೆಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ಗಂಡ, "ಹದಿನಾರಾಣೆ ಉತ್ತರ ಬಂತು" ಎಂದ.

ಮರುದಿನವೇ ಬಸವಣ್ಣೆವ್ವ ಎಸ್.ಟಿ. ಬಸ್ಸು ಹತ್ತಿ ಇಂದಾಪುರಕ್ಕೆ ಹೋದಳು. ಅಂಗಡಿಯಲ್ಲಿ ಲಗ್ನದ ಗಿರಾಕಿಗಳು ತುಂಬಿದ್ದರು. ಶಿವರುದ್ರಪ್ಪ ಅಕ್ಕನನ್ನು ಕಂಡ. ಕಂಡರೂ ಸೀರೆ ಬಿಚ್ಚಿ ತೋರಿಸುವುದರಲ್ಲಿ ಮುಳುಗಿದವನಂತೆ ಇದ್ದ. ಅಷ್ಟು ಜನರ ಮಧ್ಯೆ ಮನೆಯ ಮಾತು ಆಡುವುದು ಹೇಗೆ? ಅವಳು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ಕೈ ಎತ್ತಿದಳು. ಎರಡು ಬೆರಳನ್ನು ದೂರ ಸರಿಸಿ, ಮತ್ತೆ ಕೂಡಿಸಿ, ಹೆಬ್ಬೆರಳಿನಿಂದ ಹೊಸೆದಳು. ಮಗ್ಗದಲ್ಲಿ ನೂಲು ಕಡಿದಾಗ ಅಪ್ಪ ಮಕ್ಕಳನ್ನು ಕರೆಯುತ್ತಿದ್ದ ಸನ್ನೆ: ಎಳೆ ಹರಿದಿದೆ, ಬಾ, ಗಂಟು ಹಾಕು.

ಶಿವರುದ್ರಪ್ಪನ ಕೈಯಲ್ಲಿದ್ದ ಸೀರೆ ಗಾದಿಯ ಮೇಲೆ ಜಾರಿತು. ಗಿರಾಕಿಗಳು ಬೆರಗಾಗಿ ನೋಡುತ್ತಿದ್ದಂತೆ ಅವನೂ ಕೈಯಿಂದಲೇ ಉತ್ತರ ಕೊಟ್ಟ. ಮೊದಲು ಉಣ್ಣು, ಆಮೇಲೆ ಗಂಟು.

ಒಳಮನೆಯಲ್ಲಿ ಊಟಕ್ಕೆ ಕೂತಾಗ ಅವಳು ನೇರವಾಗಿ ಹೇಳಿದಳು. "ನನ್ನ ಲೆಕ್ಕ ತಪ್ಪಿರಲಿಲ್ಲ. ಆದ್ರ ಅಪ್ಪನ್ನ ಮುಂದ ಮಾಡಿ ಬ್ಯಾಡ ಅಂದದ್ದು ತಪ್ಪಾತು. ಹುಡುಗರಿಗೇ ಮನಸ್ಸಿಲ್ಲ. ಅಷ್ಟ ಮಾತು."

ಶಿವರುದ್ರಪ್ಪ ಅನ್ನ ಕಲಸುತ್ತ, "ಹುಡುಗಿ ನನಗರೆ ಹೇಳಬಾರದೇನು" ಎಂದ. ಆಮೇಲೆ ಒಂದು ತುತ್ತು ನುಂಗಿ, "ಬೇರೆ ಕಡೆ ನೋಡೂನು, ತಗೋ" ಎಂದ.

ನೋಡಿದರು. ನೀರಜಾ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಹಿಡಿದು, ಮರುವರ್ಷ ಸೊಲ್ಲಾಪುರದ ಹುಡುಗನನ್ನು ತಾನೇ ಮಾತಾಡಿಸಿ ಒಪ್ಪಿದಳು. ಮಾಂತುವಿನ ಲಗ್ನಕ್ಕೆ ಓಡಾಡಿದವರಲ್ಲಿ ಸೋದರಮಾವನೇ ಮುಂದು.

ಮಗಳು ಗಂಡನ ಮನೆಗೆ ಹೋಗುವ ಮೊದಲು ಶಿವರುದ್ರಪ್ಪನಿಗೂ ಆಟ ಕಲಿಸಿ ಹೋದಳು. ಅಂಗಡಿಯಲ್ಲಿ ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ಧನಕವಡಿಗೆ ಫೋನು ಬರುತ್ತಿತ್ತು.

"ಅಕ್ಕಾ, ನನ್ನ ಕಡೆ ಒಂದು ಕೆಂಪ ಗಂಡ ಅದ. ಭಾಳ ಚಂದ ಅದ. ನಿನ್ನ ಕಡೆ ಹೆಣ್ಣ ಅದನೇನು?"

ಬಸವಣ್ಣೆವ್ವ ಫೋನನ್ನು ಭುಜಕ್ಕೆ ಒತ್ತಿ ಹಿಡಿದು ಸೂಜಿಗೆ ದಾರ ಪೋಣಿಸುತ್ತ, "ಚಂದ ಯಾರಿಗೆ ಬೇಕಾಗ್ಯದ? ಅದರ ಅಜ್ಜ-ಅಜ್ಜಿ ಯಾವ ಬಣ್ಣ, ಅದ ಹೇಳು ಮೊದಲ" ಎನ್ನುತ್ತಿದ್ದಳು. ಶಿವರುದ್ರಪ್ಪ ಸಾವಕಾಶವಾಗಿ ಒಂದೊಂದನ್ನೇ ನೋಡಿ ಹೇಳುತ್ತಿದ್ದ. ಅವಳು ಕೇಳುತ್ತ ಕೇಳುತ್ತ ಹಲಗೆಯ ಮೇಲೆ ಚೌಕ ಎಳೆಯುತ್ತಿದ್ದಳು.