ಹಲ್ಲಿಗೆ ಕಾವಲು ನಿಂತ ಮಾವ

ಒಂದು ದವಡೆ ಹಲ್ಲಿನ ಕ್ಯಾಪ್‌ಗಾಗಿ ಮೂರು ಜನ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದ ಮನೆತನ ದಾಂಡೇಲಿಯಲ್ಲಿ ನಮ್ಮದೊಂದೇ ಇರಬೇಕು. ಅದೂ ಡಾಕ್ಟರು ನಮ್ಮ ಓಣಿಯಲ್ಲೇ ಇರುವಾಗ!

ನಡೆದದ್ದಿಷ್ಟು. ನನ್ನ ಹೆಂಡತಿ ಸುಮಿತ್ರಾಳ ಹಲ್ಲಿಗೆ ರೂಟ್ ಕೆನಾಲ್ ಆಯಿತು. ಡಾಕ್ಟರು ಎರಡು ಬಗೆಯ ಕ್ಯಾಪ್ ಹೇಳಿದರು. ಒಂದು, ಒಳಗೆ ಲೋಹ, ಮೇಲೆ ಪಿಂಗಾಣಿ. ಇನ್ನೊಂದು, ಈಗೀಗ ಬಂದಿರುವ ಝಿರ್ಕೋನಿಯಾ. ಹುಬ್ಬಳ್ಳಿಯ ಲ್ಯಾಬ್‌ನಲ್ಲಿ ಕಂಪ್ಯೂಟರ್ ಮಶೀನು ಇಡೀ ಹಲ್ಲನ್ನು ಕೊರೆದು ತೆಗೆಯುತ್ತದಂತೆ. ದುಬಾರಿ, ಆದರೆ ಗಟ್ಟಿ. ಸುಮಿತ್ರಾ ಇದನ್ನೇ ಆರಿಸಿದಳು.

ಅಲ್ಲಿಗೆ ಮುಗಿಯಬೇಕಿತ್ತು. ಅಷ್ಟರಲ್ಲಿ ಹಳಿಯಾಳದಿಂದ ಮಾವ ಬಂದರು.

ಮಾವ ಎಂದರೆ ಸುಮಿತ್ರಾಳ ಅಪ್ಪ. ಜೀವನವಿಡೀ ಮರ ಕೊಯ್ಯುವ ಸಾಮಿಲ್ ನಡೆಸಿದವರು. (ಎದುರಿಗೇ ಎಮ್ಮೆ ಹಿಂಡಿದರೂ, ಮೊದಲು ಖಾಲಿ ಚರಿಗೆಯನ್ನು ಬೋರಲು ಹಾಕಿಸಿ ನೋಡುವ ಪೈಕಿ.)

"ಹಲ್ಲು ಕೊರಿಯೂದನ್ನ ಯಾರರ ನೋಡೀರೇನು?" ಎಂದರು.

"ಇಲ್ಲ ಮಾವಾರ. ಲ್ಯಾಬಿನವರು ಮಾಡಿ ಕಳಸತಾರ."

"ಝಿರ್ಕೋನಿಯಾ ಅಂತ ಹೇಳಿ ಬ್ಯಾರೇದು ಕಳಿಸಿದ್ರ? ಬೆಳ್ಳಗಿದ್ದದ್ದೆಲ್ಲಾ ಒಂದ ಏನು? ಒಮ್ಮೆ ಅಂಟಿಸಿದ್ರ ಮುಗೀತು. ಮತ್ತ ಒಡದ ತಗೀಬೇಕು!"

ನನ್ನ ತಲೆಯೊಳಗೂ ಹುಳ ಹೊಕ್ಕಿತು. ಪೆಟ್ರೋಲ್ ಹಾಕಿಸುವಾಗ ಮೀಟರ್ ನೋಡುತ್ತೇವೆ. ಬಾಯೊಳಗೆ ಕೂರುವ ವಸ್ತುವಿಗೆ ಮೀಟರ್ ಎಲ್ಲಿದೆ? ಇತ್ತ ಸುಮಿತ್ರಾಳ ಹಲ್ಲನ್ನು ಕ್ಯಾಪ್‌ಗಾಗಿ ಸುತ್ತಲೂ ಸವೆಸಿಯಾಗಿತ್ತು. ಪಾಪ, ಒಂದೇ ದವಡೆಯಲ್ಲಿ ರೊಟ್ಟಿ ಅಗಿಯುತ್ತಿದ್ದಳು. ಇನ್ನೊಮ್ಮೆ ಒಡೆದು ತೆಗೆಯುವುದೆಂದರೆ ಹುಡುಗಾಟವೇ?

ಕೊರೆಯುವುದನ್ನು ಕಣ್ಣಾರೆ ನೋಡಬೇಕೆಂದಾಗ ಡಾಕ್ಟರು ನಕ್ಕು ಲ್ಯಾಬ್‌ಗೆ ಫೋನ್ ಮಾಡಿದರು. ನಾವು ಮೂವರೂ ಹುಬ್ಬಳ್ಳಿಗೆ ಹೋದೆವು.

ಗಾಜಿನ ಪೆಟ್ಟಿಗೆಯೊಳಗೆ ರೊಟ್ಟಿಯಷ್ಟಗಲದ ದಪ್ಪ ಬಿಳಿ ಬಿಲ್ಲೆ. ಸಣ್ಣ ಡ್ರಿಲ್ ಬಿಟ್ ಒಂದು ಪುಡಿ ಹಾರಿಸುತ್ತ ಅದನ್ನು ಕೊರೆಯುತ್ತಿತ್ತು.

"ಕಾಕಾ, ಇನ್ನೂ ಟೈಮ್ ಹಿಡಿತೈತ್ರಿ. ಕೆಳಗ ಚಾ ಕುಡದು ಬರ್ರಿ," ಎಂದ ಟೆಕ್ನಿಷಿಯನ್.

"ಒಲ್ಲೆ," ಎಂದ ಮಾವ ಗಾಜಿಗೆ ಮೂಗು ಹಚ್ಚಿ ನಿಂತರು.

ಕೊನೆಗೂ ಹಲ್ಲು ಹೊರಬಂತು. ಸುಮಿತ್ರಾ ಬೆಚ್ಚಿದಳು. "ಅಯ್ಯ, ಇಷ್ಟ ದೊಡ್ಡದ?"

"ಹಸೀದಿದ್ದಾಗ ಮೆತ್ತಗಿರತೈತ್ರಿ ಅಕ್ಕಾರ, ಅದಕ್ಕ ಈಗ ಕೊರಿತೇವಿ. ಭಟ್ಟ್ಯಾಗ ಸುಟ್ಟ ಮ್ಯಾಲ ಸಣ್ಣಾಗಿ ಕಲ್ಲಿನಂಗ ಆಗತೈತಿ."

ಮಾವ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ನೋಡ್ರಿ ಅಳಿಯಾರ, ದೊಡ್ಡದು ತೋರಿಸಿ ಸಣ್ಣದು ಕೊಡತಾನ." ಜೇಬಿನಿಂದ ಪೆನ್ಸಿಲ್ ತೆಗೆದರು. "ತಮ್ಮಾ, ಒಳಗ ನಮ್ಮದೊಂದು ಗುರುತು ಹಾಕತೇನಿ."

"ಭಟ್ಟ್ಯಾಗ ಸುಟ್ಟು ಹೋಗತೈತ್ರಿ ಕಾಕಾ."

"ಹಂಗಾದ್ರ ಮೊಳಿಯಿಂದ ಒಂದು ಗೀರು?"

"ಬಿರುಕು ಬಿಡತೈತ್ರಿ!"

ಹಲ್ಲು ಬೇರೆ ಯಾರ್‍ಯಾರದೋ ಹಲ್ಲುಗಳ ಜೊತೆ ಒಂದೇ ತಟ್ಟೆಯಲ್ಲಿ ಭಟ್ಟಿ ಸೇರಿತು. ಇಳಿಯುವುದು ಮರುದಿನವೇ. ಮಾವ ಅಲ್ಲೇ ಮಲಗುತ್ತೇನೆಂದು ಹಟ ಹಿಡಿದರು. ಸುಮಿತ್ರಾ ರಟ್ಟೆ ಹಿಡಿದು ಎಳೆತಂದಳು.

ಬಸ್ಸು ಧಾರವಾಡ ದಾಟಿತು. "ಮಾವಾರ, ಚಾಕ್ಕರ ಹೋಗಬಹುದಿತ್ತಲ್ರಿ?" ಎಂದೆ.

"ದಿಮ್ಮಿ ಕೊಯ್ಯಾಕ ಕೊಟ್ಟು ಚಾಕ್ಕ ಹೋದಾಂವಗ ತನ್ನ ಹಲಿಗಿ ಸಿಗೂದಿಲ್ಲ ಅಳಿಯಾರ. ಬಲಿತ ಸಾಗವಾನಿ ಕೊಟ್ಟಿರತಾನ, ಎಳೇದು ಹೊತ್ತುಕೊಂಡು ಹೋಗತಾನ."

"ನಿಮಗ ಹೆಂಗ ಗೊತ್ತು?"

"ಚಾಕ್ಕ ಕಳಸಾಂವ ನಾನ ಅಲ್ಲೇನ್ರಿ?"

ಮುಖದಲ್ಲಿ ಒಂದಿಷ್ಟಾದರೂ ಸಂಕೋಚ? ಊಹೂಂ. ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು.

ಕ್ಯಾಪ್ ಬಂತು, ಕೂತಿತು. ಸುಮಿತ್ರಾ ಎರಡೂ ದವಡೆಯಲ್ಲಿ ಹುರಿಗಡಲೆ ಕಟಂ ಎನಿಸುತ್ತಿದ್ದಾಳೆ. ಝಿರ್ಕೋನಿಯಾನೇ ಇರಬೇಕು, ಯಾರು ಕಂಡವರು? ಅವಳಿಗಂತೂ ಚಿಂತೆಯಿಲ್ಲ.

ನಿದ್ದೆ ಕೆಟ್ಟಿರುವುದು ನನಗೆ. ನಮ್ಮ ಮನೆಯ ಅಷ್ಟೂ ಬಾಗಿಲುಗಳಿಗೆ ನಾನು ಸಾಗವಾನಿ ದಿಮ್ಮಿ ಕೊಂಡು ಕೊಯ್ಯಲು ಹಾಕಿದ್ದು ಮಾವನ ಸಾಮಿಲ್‌ನಲ್ಲೇ. ಅಂದು ಅವರು ನನ್ನನ್ನು ಗರಗಸದ ಹತ್ತಿರ ನಿಲ್ಲಗೊಡದೆ, ತಮ್ಮ ಮನೆಗೆ ಕಳಿಸಿ ಹೋಳಿಗೆ ಊಟ ಹಾಕಿಸಿದ್ದು ಯಾಕೆ?