ಸರದಿಯ ನಾಯಿ

ನಮ್ಮ ಅತ್ತೆ ಜುಹರ್ ಹೆತ್ತ ಮಗನನ್ನೇ ಮುದ್ದಿಸಿದವಳಲ್ಲ, ಇನ್ನು ಸೊಸೆಯಾದ ನನ್ನ ಮಾತಂತೂ ಬಿಡಿ. ಅವಳ ಮುದ್ದೆಲ್ಲ ಇಜೆಮ್‌ನ ಪಾಲು. ಇಜೆಮ್ ಅಂದರೆ ಸಿಂಹ. ಆದರೆ ಅದು ನಾಯಿ. ತಾಯಿ ನಮ್ಮ ಜುರ್ಜುರಾ ಬೆಟ್ಟದ ಕುರಿನಾಯಿ, ತಂದೆ ಕೆಳಗಿನ ಪೇಟೆಯ ಯಾವುದೋ ಉದ್ದ ಮೂತಿಯ ನಾಯಿ. ಹಾಗಾಗಿ ತಾಯಿಯ ಗಾತ್ರ, ತಂದೆಯ ಕಾಲು, ಇಬ್ಬರಲ್ಲೂ ಇಲ್ಲದ ಮಂಗಾಟ.

ಅದು ಬಾಲ ಬೀಸಿದರೆ ಮಜ್ಜಿಗೆಯ ಮಡಕೆ ಉರುಳುತ್ತಿತ್ತು. ಒಣಗಲು ಹರವಿದ ಕುಸ್ಕುಸ್ ರವೆ ತುಳಿದು ಬಂದು ಅದೇ ಕಾಲನ್ನು ನನ್ನ ಮಗುವಿನ ಎದೆಯ ಮೇಲಿಡುತ್ತಿತ್ತು. ನಾನು ಪೊರಕೆ ಎತ್ತಿದರೆ ಅತ್ತೆ, ದಾರಿಗೆ ಅಡ್ಡ ಇಟ್ಟಿದ್ದು ನೀನು, ಅವನನ್ನೇಕೆ ಬೈತೀಯ ಎಂದು ನನ್ನ ಮೇಲೇ ಹರಿಹಾಯುತ್ತಿದ್ದಳು. ಸಾರು ಮಾಡಿದ ದಿನ ಒಳ್ಳೆಯ ಮೂಳೆ ಅದಕ್ಕೆ, ಪಾತ್ರೆ ತಿಕ್ಕುವುದು ನನಗೆ. ನನ್ನ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ನಮ್ಮೂರಲ್ಲಿ ಕುರಿ ಮೇಕೆ ಕಾಯುವುದು ಸರದಿ ಪ್ರಕಾರ. ಎಲ್ಲ ಮನೆಗಳವೂ ಒಂದೇ ಮಂದೆಯಾಗಿ ಬೆಟ್ಟ ಹತ್ತುತ್ತವೆ, ದಿನಕ್ಕೊಂದು ಮನೆಯವರು ಹಿಂದೆ ಹೋಗುತ್ತಾರೆ. ಮಂದೆಗೆಲ್ಲ ನಾಯಿ ಇಜೆಮ್ ಒಂದೇ. ಯಾರ ಸರದಿಯಾದರೂ ಅದು ಹೋಗುತ್ತಿತ್ತು, ಸಂಜೆ ನಮ್ಮ ಅಂಗಳಕ್ಕೆ ಬಂದು ಮಲಗುತ್ತಿತ್ತು. ತನ್ನ ನಾಯಿ ಇಲ್ಲದೆ ಊರು ನಡೆಯುವುದಿಲ್ಲ ಎಂದು ಅತ್ತೆ ಬೀಗುತ್ತಿದ್ದಳು.

ಊರ್ದಿಯಾಳ ಸರದಿ ಬಂದಾಗ ಮಾತ್ರ ಅತ್ತೆಯ ಮುಖ ಗಂಟಾಗುತ್ತಿತ್ತು. ಊರ್ದಿಯಾ ನಮ್ಮ ಓಣಿಯ ಕೊನೆ ಮನೆಯ ವಿಧವೆ. ಅವಳ ಜೊತೆ ಹೋದ ದಿನ ಇಜೆಮ್ ಮನೆಯ ರೊಟ್ಟಿಯನ್ನು ಮೂಸಿಯೂ ನೋಡುತ್ತಿರಲಿಲ್ಲ. ಅತ್ತೆ ಅದರ ದವಡೆ ಹಿಡಿದು ಬಾಯಿ ಮೂಸುವಳು. ಅಂಜೂರ, ಆಲಿವ್ ಎಣ್ಣೆಯ ವಾಸನೆ. ಆ ಹೆಂಗಸು ನನ್ನ ನಾಯಿಗೆ ಮದ್ದು ಹಾಕುತ್ತಿದ್ದಾಳೆ ಎಂದು ಊಟ ಬಿಟ್ಟು ಕೂರುವಳು. ಅವಳ ಸಂಕಟ ನೋಡಿ ನನಗೆ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು.

ಕೊನೆಗೊಂದು ಸಲ ಊರ್ದಿಯಾಳ ಸರದಿಯ ಬೆಳಿಗ್ಗೆ ಅತ್ತೆ ನಾಯಿಯನ್ನು ಅಂಜೂರದ ಮರಕ್ಕೆ ಬಿಗಿದು, ಕಾಲು ಉಳುಕಿದೆ ಎಂದು ಹೇಳಿ ಕಳಿಸಿದಳು. ಊರ್ದಿಯಾ ನಾಯಿಯಿಲ್ಲದೆ ಹೋದಳು. ಸಂಜೆ ಮಂದೆ ಇಳಿದಾಗ ಅವಳ ಹಾಲು ಕೊಡುವ ಮೇಕೆ ಇರಲಿಲ್ಲ, ನರಿಗಳು ಎಳೆದೊಯ್ದಿದ್ದವು. ಅವಳು ನೇರ ನಮ್ಮ ಬಾಗಿಲಿಗೆ ಬಂದಳು. ಅವಳನ್ನು ಕಂಡದ್ದೇ ತಡ, ಇಜೆಮ್ ಹಗ್ಗ ಹರಿಯುವ ಹಾಗೆ ಎಗರತೊಡಗಿತು.

“ಕಾಲು ಉಳುಕಿದ ನಾಯಿ ಚೆನ್ನಾಗೇ ಕುಣೀತಿದೆಯಲ್ಲ, ಜುಹರಕ್ಕ,” ಅಂದಳು.

ಗಂಡಸರೇ ಕೂರುವ ಹಿರಿಯರ ಸಭೆಗೆ ನನ್ನ ಗಂಡ ಮೆಜ್ಯಾನ್ ತಲೆ ತಗ್ಗಿಸಿಕೊಂಡು ಹೋದ. ಊರ್ದಿಯಾ ತನ್ನ ಭಾವನ ಬಾಯಲ್ಲಿ ಹೇಳಿಸಿದ್ದಿಷ್ಟೇ: ಸತ್ತ ಮೇಕೆಗೆ ಬದಲು ಏನೂ ಬೇಡ, ಇನ್ನು ಮುಂದೆ ಯಾರ ಸರದಿಯೋ ಅವರ ಮನೆಯಲ್ಲೇ ನಾಯಿ ಉಣ್ಣಲಿ, ಅಲ್ಲೇ ಮಲಗಲಿ. ಹಿರಿಯರು ಹೌದೆಂದರು.

ಆಮೇಲೆ ನೋಡಬೇಕಿತ್ತು ನಮ್ಮ ಅತ್ತೆಯನ್ನು. ಮಂಡಿನೋವೆಂದು ನೀರಿನ ಊಟೆಗೂ ನನ್ನನ್ನೇ ಅಟ್ಟುತ್ತಿದ್ದವಳು ಮನೆಮನೆಗೆ ಹೋಗಿ, ನಿಮ್ಮ ಸರದಿ ನನಗೆ ಕೊಡಿ, ನಾನೇ ಕಾಯ್ತೀನಿ ಎಂದು ಗೋಗರೆದಳು. ಯಾರು ಬೇಡವೆನ್ನುತ್ತಾರೆ? ಊರಿನ ಹೆಂಗಸರು ಬಿಸಿಲಲ್ಲಿ ಕಾಲು ಚಾಚಿ ಕೂತರು. ನಮ್ಮ ಅತ್ತೆ ಮಳೆ ಗಾಳಿಯೆನ್ನದೆ ಊರ ಮಂದೆಯ ಹಿಂದೆ ಬೆಟ್ಟ ಹತ್ತಿದಳು, ನಾಯಿಯನ್ನು ಪಕ್ಕದಲ್ಲಿಟ್ಟುಕೊಂಡು. ಮನೆಯ ಕೆಲಸವೆಲ್ಲ ನನ್ನ ತಲೆಯ ಮೇಲೆ. ನನ್ನ ಬಾಣಂತನಕ್ಕೆ ಒಂದು ಕೊಡ ನೀರು ತರದ ಮಂಡಿಗಳು ನಾಯಿಗಾಗಿ ಗಟ್ಟಿಯಾಗಿದ್ದವು.

ಸರದಿ ಬಿಟ್ಟುಕೊಡದವಳು ಊರ್ದಿಯಾ ಒಬ್ಬಳೇ. ಅವಳ ದಿನ ಅತ್ತೆ ಬೆಳಿಗ್ಗೆಯಿಂದ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಇಜೆಮ್ ಸಂಜೆ ಬಾಲ ಆಡಿಸುತ್ತಾ ನಮ್ಮ ಬಾಗಿಲು ದಾಟಿ ಓಣಿಯ ಕೊನೆಗೆ ಹೋಗುತ್ತಿತ್ತು.

ಮೊನ್ನೆ ಅಂಥದ್ದೇ ಸಂಜೆ ಅತ್ತೆ ಎದ್ದು, ನಮ್ಮ ಮನೆಯಲ್ಲಿ ಹೆಚ್ಚು ಹಾಲು ಕೊಡುವ ಮೇಕೆಯನ್ನು ಹಿಡಿದುಕೊಂಡು ಹೊರಟಳು. ನಾನೂ ಹಿಂದೆಯೇ ಹೋದೆ, ಹಾಲು ನನ್ನ ಮಕ್ಕಳದ್ದು ತಾನೆ. ಇಜೆಮ್ ಊರ್ದಿಯಾಳ ಹೊಸ್ತಿಲ ತುಂಬ ಮೈಚಾಚಿ ಮಲಗಿತ್ತು. ಅತ್ತೆಯನ್ನು ಕಂಡು ಬಾಲ ಬಡಿಯಿತು, ಏಳಲಿಲ್ಲ.

“ಮೇಕೆ ಇಟ್ಕೋ. ನಿನ್ನ ಸರದಿ ನನಗೆ ಬಿಟ್ಟುಬಿಡು,” ಅಂದಳು ಅತ್ತೆ.

ಊರ್ದಿಯಾ ಮೇಕೆಯ ಕಡೆ ನೋಡಲೇ ಇಲ್ಲ. “ಬೇಡಕ್ಕ. ಈ ಒಂದು ರಾತ್ರಿನಾದ್ರೂ ಮನೇಲಿ ಇನ್ನೊಂದು ಜೀವ ಉಸಿರಾಡೋದು ಕೇಳಿಸತ್ತೆ. ನನಗೆ ಬೇರೆ ಯಾರಿದ್ದಾರೆ?”

ಅತ್ತೆ ಮೇಕೆಯನ್ನು ಎಳೆದುಕೊಂಡು ವಾಪಸು ಬಂದಳು. ನಾನು ರೊಟ್ಟಿಗೆ ಹಿಟ್ಟು ನಾದಲು ಕೂತೆ. ಮಗು ನನ್ನ ಬೆನ್ನಿಗೆ ಜೋತುಬಿದ್ದಿತ್ತು, ದೊಡ್ಡವಳು ಒಲೆಗೆ ಸೌದೆ ಇಡುತ್ತಿದ್ದಳು, ಮೆಜ್ಯಾನ್ ಆಗಷ್ಟೇ ಒಳಗೆ ಬಂದು ಚಪ್ಪಲಿ ಬಿಡುತ್ತಿದ್ದ. ಅತ್ತೆ ಎಲ್ಲರ ನಡುವೆ ಕುಕ್ಕರಿಸಿ ಕೂತು ಖಾಲಿ ಅಂಗಳವನ್ನೇ ನೋಡುತ್ತಾ ಅಂದಳು:

“ಅವಳಿಗೆ ಯಾರೂ ಇಲ್ಲವಂತೆ. ನನಗೆ ಯಾರಿದ್ದಾರೆ ಅಂದ್ಕೊಂಡಿದ್ದಾಳೆ?”