ಖಾಲಿ ಡಬ್ಬಿಗೆ ಎಷ್ಟು ಸ್ಟಾರು

ನನ್ನ ಅಜ್ಜಿಯ ಕೈರುಚಿಯ ಬಗ್ಗೆ ನಾನು ಹನ್ನೊಂದು ಸಲ ಸುಳ್ಳು ಬರೆದಿದ್ದೇನೆ. ಹನ್ನೊಂದೂ ಬೇರೆ ಬೇರೆ ಹೆಸರಿನಲ್ಲಿ. ಒಮ್ಮೆ ನಾನು ಬೂದಿಕೋಟೆ ರಸ್ತೆಯ ಮುನಿಯಮ್ಮನಾಗಿದ್ದೆ, ಒಮ್ಮೆ ಮೈಸೂರು ಮೈನ್ಸಿನ ಸೆಲ್ವಿಯಾಗಿದ್ದೆ, ಒಮ್ಮೆ ಮೀಸೆಯಿರುವ ಒಬ್ಬ ಲಾರಿ ಡ್ರೈವರಾಗಿದ್ದೆ. ಯಾರಾಗಿದ್ದರೂ ನನಗೊಬ್ಬ ಅಜ್ಜಿ ಇರುತ್ತಿದ್ದಳು. ಅವಳು ಸೌದೆ ಒಲೆಯ ಮುಂದೆ ಕೂತಿರುತ್ತಿದ್ದಳು. ರತ್ನಕ್ಕನ ಸಾರಿನ ಪುಡಿ ನಾಲಿಗೆಗೆ ತಾಗಿದ ಕೂಡಲೇ ಅವಳ ನೆನಪಾಗಿ ನನ್ನ ಕಣ್ಣು ಒದ್ದೆಯಾಗುತ್ತಿತ್ತು. ಐದು ಸ್ಟಾರು.

ನನ್ನ ನಿಜವಾದ ಅಜ್ಜಿಯ ಸಾರು ಹೇಗಿತ್ತೆಂದು ನನಗೆ ನೆನಪಿಲ್ಲ. ನೆನಪಿರುವುದು ಸಾರು ಚೆಲ್ಲಿದ್ದಕ್ಕೆ ಬಿದ್ದ ಏಟು. ಅದೂ ನನಗೆ ಬಿದ್ದಿದ್ದೋ ಅಕ್ಕನಿಗೆ ಬಿದ್ದಿದ್ದೋ ಎಂಬ ಬಗ್ಗೆ ಇಬ್ಬರಿಗೂ ಇವತ್ತಿನವರೆಗೆ ಜಗಳವಿದೆ. ಇಬ್ಬರಿಗೂ ಆ ಏಟು ತನ್ನದೇ ಆಗಬೇಕು.

ರತ್ನಕ್ಕ ಎಂದರೆ ನನ್ನ ಅಕ್ಕ. ಬಂಗಾರಪೇಟೆಯಿಂದ ಬೆಳಗಿನ ಮೊದಲ ರೈಲುಗಾಡಿ ಹತ್ತಿ ಬೆಂಗಳೂರಿನ ಒಂದು ಗಾರ್ಮೆಂಟ್ಸಿಗೆ ಹೋಗಿ ರಾತ್ರಿ ಮನೆ ಸೇರುವುದನ್ನು ಹದಿನೆಂಟು ವರ್ಷ ಮಾಡಿದವಳು. ಮಾರಿಕುಪ್ಪಂನಿಂದ ಬರುವಾಗಲೇ ಆ ಗಾಡಿ ತುಂಬಿರುತ್ತದೆ. ಅವಳ ಪ್ರಕಾರ ಆ ಹದಿನೆಂಟು ವರ್ಷದಲ್ಲಿ ಅವಳಿಗೆ ಕೂರಲು ಜಾಗ ಸಿಕ್ಕಿದ್ದು ಮೂರು ಸಲ. ಈಗ ಮಂಡಿ ಕೈಕೊಟ್ಟಿದೆ. ಎರಡು ತಿಂಗಳು ರಜೆ ಹಾಕಿ ಮನೆಯಲ್ಲೇ ಸಾರಿನ ಪುಡಿ ಮಾಡಿ ಮಾರಲು ಶುರುಮಾಡಿದಳು. ಪುಡಿ ಓಡಿತು. ಬೆಂಗಳೂರಿನ ಒಂದು ದೊಡ್ಡ ಅಂಗಡಿಯಿಂದ ಫೋನು ಬಂತು: ನಿಮ್ಮ ಪುಡಿ ನಾವು ಇಟ್ಟುಕೊಳ್ಳುತ್ತೇವೆ, ಆದರೆ ಈ ತಿಂಗಳ ಕೊನೆಯೊಳಗೆ ಐವತ್ತು ರಿವ್ಯೂ ಇರಬೇಕು, ಸರಾಸರಿ ನಾಲ್ಕೂವರೆ ಸ್ಟಾರಿಗಿಂತ ಕೆಳಗೆ ಇಳಿಯಬಾರದು. ಅದೇ ವಾರ ಗಾರ್ಮೆಂಟ್ಸಿನ ಸೂಪರ್‌ವೈಸರನ ಫೋನೂ ಬಂತು: ಒಂದನೇ ತಾರೀಕು ಬರದಿದ್ದರೆ ನಿಮ್ಮ ಮಿಷನ್ನು ಬೇರೆಯವರಿಗೆ.

ಹೀಗೆ ನನ್ನ ಅಕ್ಕನ ಎರಡು ಮಂಡಿಗಳು ಐವತ್ತು ಜನರ ಹೆಬ್ಬೆರಳಿನ ಮೇಲೆ ಕೂತವು.

ಜನರೇನೋ ಪುಡಿ ಒಯ್ಯುತ್ತಿದ್ದರು. ಆದರೆ ಚೆನ್ನಾಗಿದ್ದ ಸಾರನ್ನು ಉಂಡು ಕೈ ತೊಳೆದ ಮೇಲೆ ಫೋನು ತೆಗೆದು ಅದನ್ನು ಜಗತ್ತಿಗೆ ತಿಳಿಸಬೇಕು ಎಂಬ ಯೋಚನೆ ಯಾರಿಗೆ ತಾನೇ ಬರುತ್ತದೆ? ಕೆಟ್ಟದಾಗಿದ್ದರೆ ಬೇರೆ ಮಾತು. ಅದಕ್ಕೇ ಅಕ್ಕನ ಮಗಳು ಶೈಲಾ ಒಂದು ಉಪಾಯ ಹೇಳಿದಳು. ರಿವ್ಯೂ ಬರೆದವರಿಗೆ ಒಂದು ಪುಟ್ಟ ಸ್ಟೀಲ್ ಡಬ್ಬಿಯ ತುಂಬ ಕಡಲೆಬೀಜದ ಚಟ್ನಿಪುಡಿ ಉಚಿತ. ಎಲ್ಲಾ ಕಡೆ ಹೀಗೇ ಮಾಡುತ್ತಾರಂತೆ.

ಎಲ್ಲಾ ಕಡೆ ಮಾಡುತ್ತಾರೆ ಎಂಬುದು ನನಗೂ ಗೊತ್ತು. ಹಿಂದೆಯೂ ಮಾಡುತ್ತಿದ್ದರು. ನಮ್ಮ ಕೋಲಾರದ ಕಡೆ ಎಲ್ಲಿ ಕಲ್ಲು ಮಗುಚಿದರೂ ಒಂದು ಶಾಸನ. ಅದರಲ್ಲಿ ಯಾವನೋ ಒಬ್ಬ ಸಾಮಂತ, ಎರಡು ಕೆರೆ ಮೂರು ಹಳ್ಳಿಯ ಒಡೆಯ, ಶತ್ರುಗಳೆಂಬ ಆನೆಗಳಿಗೆ ಸಿಂಹ, ದಾನದಲ್ಲಿ ಕರ್ಣ, ರೂಪದಲ್ಲಿ ಮನ್ಮಥ. ಇಷ್ಟನ್ನು ಬರೆದ ಪಂಡಿತನಿಗೆ ಗದ್ದೆ ಸಿಕ್ಕಿತೆಂದು ಬಹಳ ಸಲ ಅದೇ ಕಲ್ಲಿನಲ್ಲಿ ಕೆಳಗಡೆ ಇರುತ್ತದೆ. ರೂಪದಲ್ಲಿ ಸುಮಾರು, ದಾನದಲ್ಲಿ ಪರವಾಗಿಲ್ಲ ಎಂದು ಮೂರು ಸ್ಟಾರು ಕೊಟ್ಟ ಶಾಸನವನ್ನು ನಾನು ಎಲ್ಲೂ ಕಂಡಿಲ್ಲ. ದೇವರ ವಿಷಯದಲ್ಲಿ ಮಾತ್ರ ನಾವು ಜಾಣರು. ಕೆಲಸ ಆಗಲಿ, ಆಮೇಲೆ ತೆಂಗಿನಕಾಯಿ ಎನ್ನುತ್ತೇವೆ. ಅಕ್ಕ ಡಬ್ಬಿಯನ್ನು ಮೊದಲೇ ಕೊಡುತ್ತಿದ್ದಳು. ಅಲ್ಲೇ ಅವಳು ದೇವರಿಗಿಂತ ಒಳ್ಳೆಯವಳಾಗಿಬಿಟ್ಟಳು, ಕೆಟ್ಟಿದ್ದೂ ಅಲ್ಲೇ.

ಡಬ್ಬಿಯ ಸುದ್ದಿ ಹಬ್ಬಿದ ಮೇಲೆ ಅಕ್ಕನ ಜಗಲಿ ತುಂಬಿತು. ಬಂದವರಲ್ಲಿ ಅರ್ಧ ಜನ ಫೋನನ್ನು ನನ್ನ ಕೈಗೆ ತುರುಕಿ, "ನೀನೇ ಏನಾರಾ ಬರಿಯಪ್ಪ, ಮೇಷ್ಟ್ರಾಗಿದ್ದೋನು," ಎನ್ನುತ್ತಿದ್ದರು. ಏನು ಬರೆಯಲಿ ಎಂದರೆ, "ಚೆನ್ನಾಗೈತೆ ಅಂತ ಬರಿ." ಚೆನ್ನಾಗಿದೆ ಎಂದು ಹನ್ನೊಂದು ಸಲ ಬರೆಯಲು ನನ್ನಿಂದಾಗುವುದಿಲ್ಲ. ನಾನು ಇಡೀ ಆಯುಷ್ಯ ಕತೆ ಬರೆಯುತ್ತ, ಅಜ್ಜಿ ಒಲೆ ಮುಗ್ಧ ಬಾಲ್ಯ ಇಂಥವನ್ನು ಕಂಡರೆ ಮೂಗು ಮುರಿಯುತ್ತ, ನೆನಪನ್ನು ನಂಬಬೇಡಿ ಅದು ಇಸ್ತ್ರಿ ಮಾಡಿದ ಸುಳ್ಳು ಎಂದು ಸಭೆಗಳಲ್ಲಿ ಹೇಳುತ್ತ ಬಂದವನು. ಚಟ್ನಿಪುಡಿಯ ಎದುರು ಅದೆಲ್ಲ ಒಂದು ಮಧ್ಯಾಹ್ನವೂ ನಿಲ್ಲಲಿಲ್ಲ. ಲಾರಿ ಡ್ರೈವರನ ಅಜ್ಜಿಯನ್ನಂತೂ ಎಷ್ಟು ಚೆನ್ನಾಗಿ ಬರೆದೆನೆಂದರೆ, ಓದಿ ಹೇಳಿದಾಗ ಅವನು ಮೀಸೆ ಒರೆಸಿಕೊಂಡು, "ನಮ್ಮಜ್ಜಿ ನಾನು ಉಟ್ಟಕ್ಕೆ ಮುಂಚೇನೇ ಓಗ್ಬುಟ್ಲು ಸಾ, ಆದ್ರೂ ಇಂಗೇ ಇದ್ದಿರ್ಬೋದು," ಎಂದ. ನನಗೂ ಸಂಭಾವನೆಯಾಗಿ ಒಂದು ಡಬ್ಬಿ ಸಿಕ್ಕಿತು.

ಇಪ್ಪತ್ತನೇ ತಾರೀಕಿಗೆ ನಲವತ್ತೊಂಬತ್ತು ರಿವ್ಯೂ, ಸರಾಸರಿ ಐದಕ್ಕೆ ಐದು. ಅಕ್ಕ ಗಾಡಿಯ ಪಾಸನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು.

ಇಪ್ಪತ್ತೊಂದರಿಂದ ಡಬ್ಬಿಗಳು ವಾಪಸು ಬರಲು ಶುರುವಾದವು.

ಶೈಲಾ ಯಾವುದೋ ವಿಡಿಯೊ ನೋಡಿ ಉಪಾಯ ಹೇಳಿದ್ದಳು. ಸ್ಟೀಲ್ ಡಬ್ಬಿ ಎಂದರೆ ಏನೆಂದು ವಿಡಿಯೊ ಮಾಡಿದವನಿಗೆ ಗೊತ್ತಿರಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮ ಕಡೆ ಬೇರೆಯವರ ಮನೆಯ ಸ್ಟೀಲ್ ಡಬ್ಬಿಯನ್ನು, ಅದು ಉಚಿತ ಎಂದು ಹತ್ತು ಸಲ ಹೇಳಿದರೂ, ಯಾರೂ ಇಟ್ಟುಕೊಳ್ಳುವುದಿಲ್ಲ. ವಾಪಸು ಕೊಡುವಾಗ ಖಾಲಿ ಕೊಡುವುದಿಲ್ಲ. ಎರಡು ಚಮಚ ಸಕ್ಕರೆಯಾದರೂ ಇರಬೇಕು. ಖಾಲಿ ಡಬ್ಬಿ ಕೊಟ್ಟರೆ ನಿಮ್ಮ ಋಣ ನಮಗೆ ಬೇಡ ಎಂದು ಮುಖಕ್ಕೆ ಹೇಳಿದಂತೆ.

ಮೊದಲು ಬಂದವಳು ಮುನಿಯಮ್ಮ. ಡಬ್ಬಿಯ ತುಂಬ ಹುರಿಹಿಟ್ಟು. ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡು, ನಿಧಾನವಾಗಿ ಗಂಟಲು ಸರಿಮಾಡಿಕೊಂಡಳು.

"ರತ್ನಮ್ಮ, ನಿನ್ ಡಬ್ಬಿ ಬಂತಾ?"

"ಬಂತು ಕಣತ್ತೆ. ಇದೆಲ್ಲಾ ಯಾಕ್ ತರಕ್ಕೋದೆ?"

"ಅಂಗಾದ್ರೆ ನಂದೂ ನಿಂದೂ ಸರಿ ಓಯ್ತು. ಈಗ ಏಳ್ತೀನಿ ಕೇಳು. ನಿನ್ ಪುಡೀಲಿ ಮೆಂತ್ಯ ಜಾಸ್ತಿ. ಸಾರು ಉಂಡ್ ಮೇಲೆ ಕೊನೇಗೆ ಕಹಿ ನಿಂತ್ಕಂತದೆ."

"ಮತ್ತೆ ಅವತ್ತು ಚೆನ್ನಾಗೈತೆ ಅಂದ್ಯಲ್ಲ?"

"ಅವತ್ತು ನಿನ್ ಡಬ್ಬಿ ನನ್ ಕೈಯಾಗಿತ್ತಲ್ಲವ್ವ. ಎಂಗ್ ಏಳಾದು?"

ಅಷ್ಟು ಹೇಳಿ ಫೋನನ್ನು ನನ್ನ ಕಡೆ ಚಾಚಿದಳು. "ಮೇಷ್ಟ್ರೇ, ಅದೆಲ್ಲೋ ಐದು ಒತ್ತಿದ್ಯಲ್ಲ, ಮೂರು ಮಾಡು. ಅಜ್ಜಿ ವಿಷ್ಯ ಅಂಗೇ ಇರ್ಲಿ, ಚೆನ್ನಾಗೈತೆ."

ಇದರಲ್ಲಿ ಎಲ್ಲಿ ತಪ್ಪು ಹುಡುಕುವುದು? ಕೈಯಲ್ಲಿ ಡಬ್ಬಿ ಇರುವಾಗ ಹೊಗಳುವುದು ಮರ್ಯಾದೆ, ಡಬ್ಬಿ ಹಿಂತಿರುಗಿಸಿದ ಮೇಲೆ ನಿಜ ಹೇಳುವುದು ಸ್ನೇಹ. ಉಡುಗೊರೆ ಕೊಟ್ಟರೆ ಜನ ಸುಳ್ಳು ಹೇಳುತ್ತಾರೆ ಎಂದು ಎಲ್ಲರಿಗೂ ಗೊತ್ತು. ಉಡುಗೊರೆ ತೀರಿಸಿದ ಮೇಲೆ ಸುಳ್ಳನ್ನೂ ಜೊತೆಗೇ ವಾಪಸು ತೆಗೆದುಕೊಳ್ಳುತ್ತಾರೆ ಎಂಬುದು ಮಾತ್ರ ಬೂದಿಕೋಟೆ ರಸ್ತೆಯಲ್ಲೇ ತಿಳಿಯಬೇಕು.

ಆಮೇಲೆ ದಿನಕ್ಕೆ ಎರಡು ಮೂರು ಡಬ್ಬಿ. ಹಿತುಕಿದ ಅವರೆಬೇಳೆ, ಹುಣಸೆಹಣ್ಣು, ಗಿಣ್ಣು. ಪ್ರತಿ ಡಬ್ಬಿಯ ಹಿಂದೆ ಒಂದು ಗಂಟಲು ಸರಿಮಾಡಿಕೊಳ್ಳುವ ಸದ್ದು. ಗಿಣ್ಣು ತಿನ್ನುತ್ತ ಶೈಲಾ ಫೋನು ನೋಡುವಳು: ನಾಲ್ಕು ಮುಕ್ಕಾಲು. ಅವರೆಬೇಳೆ ಸಾರು ಕುದಿಯುವಾಗ: ನಾಲ್ಕೂವರೆ. ಅಡುಗೆಮನೆ ತುಂಬುತ್ತಿತ್ತು, ಸ್ಟಾರು ಇಳಿಯುತ್ತಿತ್ತು.

ಮೆಂತ್ಯದ ಅಳತೆ ಕಮ್ಮಿ ಮಾಡು ಎಂದು ನಾನು ಹೇಳಿದರೆ ಅಕ್ಕ ಉರಿದುಬಿದ್ದಳು. "ಅಜ್ಜಿ ಅಳತೆ ಕಣೋ ಅದು. ಕಮ್ಮಿ ಮಾಡಕ್ಕೆ ನಾನ್ಯಾರು?" ಹನ್ನೊಂದು ಜನರಿಗೆ ಅಜ್ಜಿಯನ್ನು ಹಂಚಿದವನು ನಾನು, ಮೂಲ ಅಜ್ಜಿಯ ವಿರುದ್ಧ ನಾಲಿಗೆ ಏಳಲಿಲ್ಲ.

ಆ ಅಜ್ಜಿಯನ್ನು ಕೆಡವಿದವಳು ಸೆಲ್ವಿ, ಅಕ್ಕನ ಜೊತೆ ಅದೇ ಗಾಡಿಯಲ್ಲಿ ನಿಂತು ಹೋಗಿ ಬಂದ ಗೆಳತಿ. ಭಾನುವಾರ ಚಿನ್ನದ ಗಣಿಯ ಊರಾದ ಮೈಸೂರು ಮೈನ್ಸಿನಿಂದ ಡಬ್ಬಿಯ ತುಂಬ ಮುರುಕು ತಂದಳು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ನಿಮ್ಮಜ್ಜಿ ಮೊಸರು ಮಾರಕ್ಕೆ ನಮ್ಮ ಗಣಿ ಲೈನ್ ಮನೆಗಳಿಗೆ ಬರ್ತಿದ್ರಲ್ಲ, ವಾಪಸ್ ಹೋಗೋವಾಗ ನಮ್ಮ ಪಾಟಿ ಹತ್ರ ಒಂದು ಡಬ್ಬಿ ಪುಡಿ ತಗೊಂಡು ಹೋಗೋರು. ಅದು ನಮ್ಮ ಪಾಟಿ ಪುಡಿ. ಅದ್ರಲ್ಲಿ ಮೆಂತ್ಯ ಚಿಟಿಕೆ, ಅಷ್ಟೇ."

ಪಾಟಿ ಎಂದರೆ ಸೆಲ್ವಿಯ ಅಜ್ಜಿ. ಅಕ್ಕ ಕೈಗೆತ್ತಿಕೊಂಡ ಮುರುಕನ್ನು ವಾಪಸು ಡಬ್ಬಿಗೆ ಹಾಕಿದಳು. ನನಗೆ ಒಳಗೊಳಗೇ ಖುಷಿ: ನೋಡಿ, ನೆನಪು ಎಂಬುದು ಹೀಗೆ. ಆದರೆ ನನ್ನ ಅಂದಾಜಿನಲ್ಲಿ ಆಗ ಸೆಲ್ವಿಗೆ ಮೂರು ವರ್ಷ. ಅವಳ ಪಾಟಿಯೂ ಒಲೆಯ ಮುಂದೆ ಕೂತ ಹನ್ನೆರಡನೆಯ ಅಜ್ಜಿಯಾಗಿರಬಾರದು ಎಂದೇನಿಲ್ಲ. ಅಕ್ಕ ಮಾತ್ರ ಮರುದಿನ ಹುರಿಯುವ ಬಾಣಲೆಗೆ ಚಿಟಿಕೆಯಷ್ಟೇ ಮೆಂತ್ಯ ಹಾಕಿದಳು. ಹೊಸ ಪುಡಿ ಮಾರಾಟಕ್ಕೆ ಹೋಗಲು ಇನ್ನೂ ಒಂದು ವಾರ ಬೇಕಿತ್ತು.

ತಿಂಗಳ ಕೊನೆಯ ದಿನ ನಲವತ್ತೊಂಬತ್ತು ರಿವ್ಯೂ, ನಾಲ್ಕು ಪಾಯಿಂಟ್ ನಾಲ್ಕು ಒಂಬತ್ತು. ಐವತ್ತನೆಯದು ಐದು ಬಿದ್ದರೆ ನಾಲ್ಕೂವರೆ ಮುಟ್ಟುತ್ತದೆ, ನಾಲ್ಕು ಬಿದ್ದರೆ ಕೆಳಗೇ ಉಳಿಯುತ್ತದೆ ಎಂದು ಶೈಲಾ ಕೂಡಿ ಭಾಗಿಸಿ ಹೇಳಿದಳು. ಪುಡಿ ತಿಂದು ರಿವ್ಯೂ ಬರೆಯದೆ ಉಳಿದವನು ಒಬ್ಬನೇ ಇದ್ದ. ಬೇರೆಯವರಿಗೆ ಬರೆದುಕೊಡುವ ಭರದಲ್ಲಿ ನಾನು ನನ್ನ ಹೆಸರಿನಲ್ಲಿ ಬರೆದಿರಲಿಲ್ಲ.

"ನೀನೊಬ್ಬ ಬರ್ದ್ಬುಡು," ಎಂದಳು ಅಕ್ಕ. "ಐದು ಗಂಟೆಗೆ ಅಂಗಡಿಯೋರು ನೋಡ್ತಾರಂತೆ."

ಮನೆಗೆ ಹೋಗಿ ನನ್ನ ಡಬ್ಬಿ ಹುಡುಕಿದೆ. ದಾರಿಯ ಅಂಗಡಿಯಲ್ಲಿ ಖಾರಾಬೂಂದಿ ತುಂಬಿಸಿ ತಂದು ಅಕ್ಕನ ಮುಂದಿಟ್ಟೆ. ಫೋನು ತೆಗೆದೆ. ನಾಲ್ಕು ಸ್ಟಾರು ಒತ್ತಿದೆ.

ಯಾಕೆ ಒತ್ತಿದೆ ಎಂದು ಅಂದಿನಿಂದ ಬಹಳ ಸಲ ನೆನಪಿಸಿಕೊಂಡಿದ್ದೇನೆ. ಒಂದು ನೆನಪಿನಲ್ಲಿ ಕನ್ನಡಕ ಮನೆಯಲ್ಲೇ ಇತ್ತು, ಹೆಬ್ಬೆರಳು ಜಾರಿತು. ಇನ್ನೊಂದರಲ್ಲಿ ನಾನು ಹಠಾತ್ತನೆ ಪ್ರಾಮಾಣಿಕನಾದೆ. ಮೂರನೆಯದರಲ್ಲಿ ಕೆಳಗೆ ನನ್ನದೇ ಹೆಸರು ಬರುತ್ತದೆ, ಐದು ಒತ್ತಿದರೆ ನನ್ನ ಓದುಗರು ನಕ್ಕಾರು ಎಂಬ ಜಂಬವಿತ್ತು. ಮೂರೂ ಚೆನ್ನಾಗಿ ಬರೆದ ರಿವ್ಯೂಗಳೇ. ಮೂರನೆಯದು ಸ್ವಲ್ಪ ಕಹಿ, ಹಾಗಾಗಿ ಅದೇ ನಿಜವಿರಬೇಕು.

ಅಂಗಡಿಯವರು ಮುಂದಿನ ತಿಂಗಳು ನೋಡೋಣ ಎಂದರು. ಬದಲಾಯಿಸುತ್ತೇನೆ ಎಂದು ನಾನು ಫೋನು ತೆಗೆದಾಗ ಅಕ್ಕ, "ಇಟ್ಕೊಳ್ಳಪ್ಪ ನಿನ್ ನಾಲ್ಕು," ಎಂದು ದೇವರ ಪಟದ ಹಿಂದಿನಿಂದ ಪಾಸು ತೆಗೆದಳು.

ಒಂದನೇ ತಾರೀಕು ಬೆಳಗ್ಗೆ ನನ್ನ ಮನೆಯ ಮೆಟ್ಟಿಲ ಮೇಲೆ ನಾನು ಖಾರಾಬೂಂದಿ ತುಂಬಿಕೊಟ್ಟಿದ್ದ ಡಬ್ಬಿ ಇತ್ತು. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅಕ್ಕ ಇಟ್ಟುಹೋಗಿದ್ದಾಳೆ. ತೊಳೆದು, ಒರೆಸಿ, ಮುಚ್ಚಳ ಹಾಕಿ. ತೆಗೆದು ನೋಡಿದೆ. ಖಾಲಿ. ಸಕ್ಕರೆಯ ಒಂದು ಕಾಳೂ ಇಲ್ಲ. ಬರೆಯುವವನಿಗೆ ಇಷ್ಟು ಚಿಕ್ಕದಾದ, ಇಷ್ಟು ಸ್ಪಷ್ಟವಾದ ವಿಮರ್ಶೆ ಅದುವರೆಗೆ ಬಂದಿರಲಿಲ್ಲ.

ಆ ದಿನ ನಾನೇ ಒಲೆ ಹಚ್ಚಿದೆ. ಅವರೆಕಾಳು ಬೇಯಿಸಿ, ಒಗ್ಗರಣೆ ಹಾಕಿ, ಅಕ್ಕನ ಹೊಸ ಪುಡಿ ಉದುರಿಸಿ ಉಸ್ಲಿ ಮಾಡಿದೆ. ಅದರಲ್ಲಿ ಕಹಿ ಇರಲಿಲ್ಲ. ಯಾವ ಅಜ್ಜಿಯೂ ನೆನಪಾಗಲಿಲ್ಲ. ಡಬ್ಬಿಗೆ ತುಂಬಿಕೊಂಡು ರಾತ್ರಿ ಗಾಡಿ ಬರುವ ಹೊತ್ತಿಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತೆ.

ಅಕ್ಕ ಬಾಗಿಲ ಕಂಬಿ ಹಿಡಿದು, ಒಂದೊಂದೇ ಕಾಲು ಕೆಳಗಿಟ್ಟು ಇಳಿದಳು. ನನ್ನನ್ನು ನೋಡಿದಳು, ಡಬ್ಬಿಯನ್ನು ನೋಡಿದಳು. ಬೆಂಚಿನ ಮೇಲೆ ಕೂತು ಮುಚ್ಚಳ ತೆಗೆದಳು. ಹಸಿದಿದ್ದಳು; ಅರ್ಧ ಡಬ್ಬಿ ಮುಗಿಯುವವರೆಗೆ ತಲೆ ಎತ್ತಲಿಲ್ಲ. ನಾನು ಐವತ್ತನೆಯ ಗಿರಾಕಿಯ ಬಾಯಿ ನೋಡುವ ಅಂಗಡಿಯವನಂತೆ ನಿಂತಿದ್ದೆ.

"ಉಪ್ಪು ಸಾಲ್ದು ಕಣೋ," ಎಂದಳು.

ಮೂರು ಸ್ಟಾರು ಎಂದು ಇಟ್ಟುಕೊಳ್ಳಿ. ಉಳಿದದ್ದನ್ನು ತಿಂದು, ಡಬ್ಬಿಯನ್ನು ನನ್ನ ಕೈಗೆ ಕೊಡದೆ, ತನ್ನ ಚೀಲಕ್ಕೆ ಹಾಕಿಕೊಂಡಳು.